ಅತ್ತೆ ನನ್ನನ್ನು ಹೊಗಳಿದ ಮೂರು ದಿನ

ನಮ್ಮತ್ತೆಯ ಹೃದಯದ ಪಂಪಿಂಗ್ ಕಡಿಮೆ ಇದೆ, ಊಟದಲ್ಲಿ ಉಪ್ಪು ಇಳಿಸಿ ಎಂದು ಬಳ್ಳಾರಿಯ ಡಾಕ್ಟರು ಹೇಳಿದ ದಿನದಿಂದ ಸಿರುಗುಪ್ಪದ ನಮ್ಮ ಮನೆಯಲ್ಲಿ ಉಪ್ಪಿನ ಡಬ್ಬಿ ನನ್ನ ಕಾವಲಿಗೆ ಬಂತು. ಮೊದಲೂ ಅವರಿಗೆ ನನ್ನ ಅಡುಗೆ ಹಿಡಿಸುತ್ತಿರಲಿಲ್ಲ, ಈಗ ಕಾರಣವೂ ಸಿಕ್ಕಿತು. ಒಂದು ತುತ್ತು ಬಾಯಿಗಿಟ್ಟು, "ಇದು ಸಾರೋ, ಕಾಲುವಿ ನೀರೋ?" ಎನ್ನುವರು. ನಾನೂ ಸುಮ್ಮನಿರುವ ಪೈಕಿ ಅಲ್ಲ. "ಕಾಲುವಿ ನೀರಾಗಿದ್ರ ಗದ್ದಿಗೆ ಬಿಡ್ತಿದ್ದೆ ಅತ್ತಿ, ನಿಮಗ್ಯಾಕ ಹಾಕ್ತಿದ್ದೆ" ಎನ್ನುವೆ. ಮದುವೆಯಾಗಿ ಹದಿನೆಂಟು ವರ್ಷ ಹೀಗೇ ನಡೆದಿತ್ತು.

ಹೋದ ವರ್ಷ ಒಂದು ಸೋಮವಾರ ಮಧ್ಯಾಹ್ನ ಅತ್ತೆ ತುತ್ತು ನುಂಗಿ, ನನ್ನ ಮುಖ ನೋಡಿ, "ಚಲೋ ಮಾಡೀಯವಾ" ಎಂದರು. ಬೇರೆ ಯಾರಾದರೂ ಬಂದು ನಿಂತಿದ್ದಾರೇನೋ ಎಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಮಂಗಳವಾರ ನನ್ನ ಕೈ ಬಂಗಾರದ್ದು ಎಂದರು. ಬುಧವಾರ ನನ್ನ ತವರಿನವರು ಬಹಳ ಮರ್ಯಾದಸ್ಥರು ಎಂದರು. ನನ್ನ ತಪಸ್ಸು ಕೊನೆಗೂ ಫಲಿಸಿತೆಂದು ಪಕ್ಕದ ಮನೆಯ ಸೊಸೆಗೆ ಹೋಗಿ ಹೇಳಿ ಬಂದೆ, ಅವಳ ಅತ್ತೆಗೂ ಕೇಳಿಸಲಿ ಎಂದು ಸ್ವಲ್ಪ ಜೋರಾಗಿಯೇ.

ಬೇರೆ ಸಂಗತಿಗಳೂ ಕಣ್ಣಿಗೆ ಬಿದ್ದಿದ್ದವು, ಸುಳ್ಳು ಹೇಳುವುದಿಲ್ಲ. ಉಂಡು ಕೈ ತೊಳೆದ ಮೇಲೆ ಊಟಕ್ಕೆ ಯಾವಾಗ ಹಾಕುತ್ತೀ ಎಂದು ಕೇಳಿದ್ದರು. ಎಂದೋ ಮಾರಿದ ಎಮ್ಮೆಗೆ ಮೇವು ಹಾಕಿದೆಯಾ ಎಂದಿದ್ದರು. ಬಚ್ಚಲಿಗೆ ಮೇಲಿಂದ ಮೇಲೆ ಓಡಾಡುತ್ತಿದ್ದರು. ಹಣೆ ಮುಟ್ಟಿ ನೋಡಿದೆ, ಜ್ವರ ಇರಲಿಲ್ಲ. ವಯಸ್ಸಾಯಿತು, ಮರೆವು ಎಂದುಕೊಂಡೆ. ನನ್ನ ಗಂಡ ಅಕ್ಕಿ ಗಿರಣಿಯಿಂದ ಬರುವಷ್ಟರಲ್ಲಿ ಅತ್ತೆ ಮಲಗಿರುತ್ತಿದ್ದರು, ಹಾಗಾಗಿ ಗಂಡನಿಗೆ ಏನೂ ಗೊತ್ತಿರಲಿಲ್ಲ. ನಾನೂ ಹೇಳಲಿಲ್ಲ. ನಿಜವೆಂದರೆ ಈ ಹೊಗಳಿಕೆ ಇನ್ನೆರಡು ದಿನ ನಡೆಯಲಿ ಎಂಬ ಆಸೆ ನನಗಿತ್ತು.

ಗುರುವಾರ ಬೆಳಿಗ್ಗೆ ಕುರುಗೋಡಿನಿಂದ ಅತ್ತೆಯ ತಂಗಿ ಫೋನು ಮಾಡಿದರು. ಅತ್ತೆ ಅವರಿಗೆ, "ನನ್ನ ಸೊಸಿ ದೇವರಂಥಾಕಿ" ಎಂದರು.  ತಂಗಿ ತಕ್ಷಣ ಫೋನು ನನಗೆ ಕೊಡಲು ಹೇಳಿದರು.

"ನಮ್ಮಕ್ಕಗ ಏನೋ ಆಗೈತಿ. ನಾ ಹುಟ್ಟಿದಾಗಿಂದ ನೋಡೀನಿ, ಆಕಿ ಯಾರನ್ನೂ ಚಲೋ ಅಂದಾಕಿ ಅಲ್ಲ. ಮೊದಲು ದವಾಖಾನಿಗೆ ಕರ್ಕೊಂಡು ಹೋಗ್ರಿ. ನಾ ಹಂಗ ಬಳ್ಳಾರಿಗೆ ಬರ್ತೀನಿ."

ನನಗೆ ಮೈಯೆಲ್ಲ ಉರಿಯಿತು. ನನ್ನನ್ನು ಯಾರಾದರೂ ಹೊಗಳಿದರೆ ಅದು ರೋಗವೇ ಆಗಿರಬೇಕೇ? ಫೋನು ಇಟ್ಟು ಅತ್ತೆಯ ಕಡೆ ತಿರುಗಿದೆ. ಕುಪ್ಪಸ ತಿರುವುಮುರುವಾಗಿ ತೊಟ್ಟಿದ್ದರು. ಕೂತಲ್ಲೇ ಏದುಸಿರು ಬಿಡುತ್ತಾ ನನ್ನನ್ನು ನೋಡಿ ನಗುತ್ತಿದ್ದರು. ಆ ನಗು ನೋಡಿದ್ದೇ ಗಿರಣಿಗೆ ಫೋನು ಮಾಡಿ ಗಂಡನನ್ನು ಕರೆಸಿದೆ.

ಬಳ್ಳಾರಿಯಲ್ಲಿ ಡಾಕ್ಟರಮ್ಮ, "ಎಷ್ಟು ದಿನದಿಂದ ಹೀಗಿದ್ದಾರೆ?" ಎಂದು ಕೇಳಿದರು.

"ಇವತ್ತು ಮುಂಜಾನಿಯಿಂದ್ರಿ" ಎಂದರು ನನ್ನ ಗಂಡ.

"ಸೋಮವಾರದಿಂದ್ರಿ" ಎಂದೆ ನಾನು. ಗಂಡ ನನ್ನ ಕಡೆ ತಿರುಗಿದರು. ಕುರುಗೋಡಿನ ಚಿಕ್ಕತ್ತೆಯೂ ತಿರುಗಿದರು.

"ಸೋಮವಾರ ಏನು ಕಂಡಿತು?"

"ನನ್ನ ಸಾರು ಚಲೋ ಆಗೈತಿ ಅಂದ್ರು."

ಡಾಕ್ಟರಮ್ಮ ನಗಲಿಲ್ಲ, ಬರೆದುಕೊಂಡರು. ಪರೀಕ್ಷೆ ಮಾಡಿಸಿದಾಗ ಮೂತ್ರದಲ್ಲಿ ಸೋಂಕಿತ್ತು. ಮುದುಕರಿಗೆ ಸೋಂಕಾದರೆ ಎಷ್ಟೋ ಸಲ ಜ್ವರವೇ ಬರುವುದಿಲ್ಲ, ಮೊದಲು ಬುದ್ಧಿ ಕದಲುತ್ತದೆ ಎಂದು ತಿಳಿಸಿ ಹೇಳಿದರು. ಅದು ರಕ್ತಕ್ಕೆ ಹಬ್ಬಿದರೆ ಇಷ್ಟು ಸೋತ ಹೃದಯ ತಡೆಯುವುದು ಕಷ್ಟ, ಮೊದಲ ದಿನವೇ ಕರೆತರಬೇಕಿತ್ತು ಎಂದರು. ನೆಲ ಬಾಯಿ ಬಿಟ್ಟರೆ ಸಾಕು ಅನ್ನಿಸಿತು. ಮೂರು ಹೊಗಳಿಕೆಯ ಆಸೆಗೆ ನಾನು ಮೂರು ದಿನ ಕಳೆದಿದ್ದೆ.

ವಾರ್ಡಿನಲ್ಲಿ ಅತ್ತೆಯ ಕೈಗೆ ಸಲೈನ್ ಹಾಕಿದ್ದರು, ಮೂಗಿಗೆ ಆಕ್ಸಿಜನ್. ನಾನು ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತೆ. ನನಗೆ ಗೊತ್ತಿರುವ ದೇವರಿಗೆಲ್ಲ ಬೇಡಿಕೊಂಡೆ, ಒಂದೇ ಒಂದು ಬೈಗುಳ ಸಾಕು ಎಂದು. ನರ್ಸಮ್ಮ ಬಂದು ಮಾತಾಡಿಸಿದಾಗ ಅತ್ತೆ ಅವಳಿಗೂ ಬಂಗಾರ ಎಂದರು. ನಾನು ಮತ್ತೆ ಮೊದಲ ದೇವರಿಂದ ಶುರು ಮಾಡಿದೆ.

ನಾಲ್ಕನೆಯ ದಿನ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದೆ. ಅತ್ತೆ ನುಂಗಿದರು, ಮುಖ ಕಿವುಚಿದರು.

"ಏನಲೇ ಇದು, ಗ್ವಾಡಿಗೆ ಪೋಸ್ಟರ್ ಹಚ್ಚಾಕ ಕಲಸೀಯೇನು?"

ನಾನು ಗಂಜಿಯ ಬಟ್ಟಲು ಹಿಡಿದುಕೊಂಡೇ ಅತ್ತುಬಿಟ್ಟೆ. ಔಷಧಿ ಹಿಡಿದು ಒಳಗೆ ಬಂದ ಗಂಡ, ಪಾಪ, ನನಗೆ ನೋವಾಯಿತೆಂದುಕೊಂಡು ತಾಯಿಗೆ ಗದರಿದರು. ನಾನು ಅವರಿಗೆ ಗದರಿದೆ. ಚಿಕ್ಕತ್ತೆ ಮಾತ್ರ ಮಂಚದ ಕಾಲಡಿ ಕೂತು, "ಬಂದ್ಲು ನಮ್ಮಕ್ಕ" ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು.

ಮನೆಗೆ ಬಂದ ಮೇಲೆ ಅತ್ತೆಗೆ ಎಲ್ಲ ಹೇಳಿದೆ, ನನ್ನ ತಪ್ಪನ್ನೂ ಸೇರಿಸಿ. ಪೂರ್ತಿ ಕೇಳಿ, "ಅಷ್ಟು ಆಸಿ ಇತ್ತೇನಲೇ ನಿನಗ?" ಎಂದರು, ಅಷ್ಟೇ. ಬೈಯಲಿಲ್ಲ. ಬೈಯದ್ದು ನೋಡಿ ನಾನು ಹಣೆ ಮುಟ್ಟಲು ಹೋದೆ, ಕೈ ತಳ್ಳಿದರು.

ಮೊನ್ನೆ ಪುಂಡಿಪಲ್ಯ ಮಾಡಿದ್ದೆ. ಅತ್ತೆ ಒಂದು ತುತ್ತು ತಿಂದು, "ಇವತ್ತು ಪಲ್ಯ..." ಎಂದು ಬಾಯಿ ತೆರೆದರು. ನನ್ನ ಗಂಡ ಉಣ್ಣುವುದನ್ನು ನಿಲ್ಲಿಸಿದರು. ನಾನು ಥರ್ಮಾಮೀಟರಿಗೆ ಎದ್ದೆ, ಸೋಂಕಿದ್ದರೂ ಅದು ಜ್ವರ ತೋರಿಸಲಿಕ್ಕಿಲ್ಲ ಎಂದು ಗೊತ್ತಿದ್ದೂ. ಅತ್ತೆ ನಮ್ಮಿಬ್ಬರ ಮುಖ ನೋಡಿದರು, ತೆರೆದ ಬಾಯಿ ಮುಚ್ಚಿಕೊಂಡರು, ಆಮೇಲೆ ತಟ್ಟೆಯನ್ನು ನನ್ನ ಕಡೆ ಸರಿಸಿದರು.

"ಉಪ್ಪಿಲ್ಲ, ಖಾರಿಲ್ಲ. ಇನ್ನೊಂದು ಸೌಟು ಹಾಕು."