ಎರಡು ರೇಡಿಯೋಗಳ ನಡುವಿನ ಸ್ವರ

ಹೋದ ವಾರ ಗಂಗಾವತಿಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೂತಿದ್ದೆ. ನನ್ನ ಫೋನಿಗೆ ಕಿವುಡು ಬಂದಿತ್ತು. ಮನೆಯವರನ್ನು ಕೇಳಿದರೆ ಫೋನು ನೆಟ್ಟಗೇ ಇದೆ, ಕಿವುಡು ಬಂದದ್ದು ನಿಮಗೆ ಅನ್ನುತ್ತಾರೆ. ಈ ವ್ಯಾಜ್ಯವನ್ನು ಮೂರನೆಯವರಿಂದಲೇ ತೀರ್ಮಾನ ಮಾಡಿಸೋಣ ಎಂದು ಹೋಗಿದ್ದೆ. ಅಂಗಡಿಯವನು ಬೆಸುಗೆ ಹಾಕುವ ಕಾದ ಕಡ್ಡಿಯ ತುದಿಯನ್ನು ರಾಳದ ಡಬ್ಬಿಗೆ ಒತ್ತಿದ. ಸುರ್ರೆಂದು ಒಂದೆಳೆ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ತಾಗಿದ್ದೇ ತಡ, ನಾನು ನಲವತ್ತು ಚಿಲ್ಲರೆ ವರ್ಷ ಹಿಂದಕ್ಕೆ ಹೋಗಿ ಖಾಜಾಸಾಹೇಬರ ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಆ ಸ್ಟೂಲಿನ ಒಂದು ಕಾಲು ಗಿಡ್ಡ. ಕೂತವರು ತೂಗಾಡುತ್ತಲೇ ಮಾತಾಡಬೇಕು.

ಖಾಜಾಸಾಹೇಬರು ಹಗಲು ರೇಡಿಯೋ ರಿಪೇರಿ ಮಾಡುವವರು, ಸಂಜೆ ಪೇಟಿ ನುಡಿಸುವವರು. ಪೇಟಿ ಅಂದರೆ ನಿಮ್ಮ ಹಾರ್ಮೋನಿಯಂ. ಮೂಲ ಊರು ಹುಲಿಹೈದರ. ತಂದೆ ನಾಟಕಗಳಿಗೆ ಪೇಟಿ ನುಡಿಸಿ ಹೆಸರು ಮಾಡಿದವರು. ಮಗ ಆ ಪೇಟಿಯನ್ನೂ ಬಿಡಲಾಗದೆ, ಅದನ್ನೇ ನಂಬಿ ಹೊಟ್ಟೆ ಹೊರೆಯಲೂ ಆಗದೆ, ಗಂಗಾವತಿಯ ಬಜಾರಿನಲ್ಲಿ ರೇಡಿಯೋಗಳ ಹೊಟ್ಟೆ ಬಿಚ್ಚುವ ಕೆಲಸ ಹಿಡಿದಿದ್ದರು. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ನಮ್ಮದು ಆಗಿನ್ನೂ ರಾಯಚೂರು ಜಿಲ್ಲೆ. ನಾನು ಮರಳಿಯ ಪ್ರಾಥಮಿಕ ಶಾಲೆಯಲ್ಲಿ ಮಾಸ್ತರ. ತಬಲಾ ಬಾರಿಸುತ್ತಿದ್ದೆ. ನನ್ನ ತಬಲಾ ಬಗ್ಗೆ ಹೆಚ್ಚು ಹೇಳುವುದಿಲ್ಲ. ಊರಲ್ಲಿ ಇನ್ನೊಬ್ಬ ತಬಲಾದವನಿರಲಿಲ್ಲ, ಅಷ್ಟು ತಿಳಿದರೆ ಸಾಕು.

ಶನಿವಾರ ದೀಪ ಹಚ್ಚುವ ಹೊತ್ತಿಗೆ ಮರಳಿಯ ಹನುಮಪ್ಪನ ಗುಡಿಯಲ್ಲಿ ಭಜನೆ. ಸಾಹೇಬರು ಸೈಕಲ್ಲಿನ ಕ್ಯಾರಿಯರಿಗೆ ಪೇಟಿ ಬಿಗಿದುಕೊಂಡು ಗಂಗಾವತಿಯಿಂದ ಬರುತ್ತಿದ್ದರು. ಭಜನೆಗೆ ಜೀವವಾಗಿದ್ದವಳು ಮಾತ್ರ ನಿಂಗಕ್ಕ. ಐವತ್ತರ ಆಸುಪಾಸಿನ ಹೆಣ್ಣುಮಗಳು. ಕಾಲುವೆ ನೀರಿನ ಗದ್ದೆಗಳಲ್ಲಿ ನಾಟಿ ಹಚ್ಚುವ ಹೆಣ್ಣಾಳುಗಳ ಮುಂದಾಳು. ಅವಳ ದನಿ ಒಂದು ಸ್ವರದಿಂದ ಇನ್ನೊಂದಕ್ಕೆ ಹತ್ತುತ್ತಿರಲಿಲ್ಲ, ಜಾರುತ್ತಿತ್ತು. ಎಲ್ಲಿಂದ ಹೊರಟಿತು, ಎಲ್ಲಿಗೆ ಮುಟ್ಟಿತು ಎಂದು ಬೆರಳಿಟ್ಟು ತೋರಿಸಲು ಆಗುತ್ತಿರಲಿಲ್ಲ. ಹಾಡಿಗೆ ಕೂತರೆ ಸೆರಗಿನ ತುದಿಯನ್ನು ಹೆಬ್ಬೆರಳಿಗೆ ಸುತ್ತುತ್ತಾ ಇರುವುದು ಅವಳ ರೂಢಿ.

ಒಂದು ಶನಿವಾರ ಅವಳು ಒಂದು ಪದ ಎತ್ತಿಕೊಂಡಳು. 'ಹರಿಯೋ ನೀರಿಗೆ ಯಾರ ಹಂಗೈತಿ' ಎಂಬ ಸಾಲು. ಯಾರು ಕಟ್ಟಿದ್ದೋ ಗೊತ್ತಿಲ್ಲ. ಆ 'ಹಂಗೈತಿ' ಅನ್ನುವಲ್ಲಿ ದನಿ ಕೆಳಗೆ ಜಾರಿ ಒಂದು ಕಡೆ ನಿಂತಿತು. ಸಾಹೇಬರು ಆ ಸ್ವರ ಹಿಡಿಯಲು ಪೇಟಿಯ ಕಪ್ಪು ಪಟ್ಟಿ ಒತ್ತಿದರು, ಕೂಡಲಿಲ್ಲ. ಬಿಳಿ ಪಟ್ಟಿ ಒತ್ತಿದರು, ಅದೂ ಕೂಡಲಿಲ್ಲ. ಎರಡು ಸಲ ಹಾಗಾಯಿತು. ಮೂರನೆಯ ಸಲ ಕೈ ನಿಲ್ಲಿಸಿ, ಎಲ್ಲರಿಗೂ ಕೇಳುವ ಹಾಗೆ ಅಂದರು:

"ಅಕ್ಕಾರ, ಸ್ವರಾ ತಪ್ಪಾಕತ್ತೈತ್ರಿ. ಈ ಪಟ್ಟಿಗೆ ಬರ್ರಿ."

ನಿಂಗಕ್ಕ ನನ್ನ ಕಡೆ ನೋಡಿದಳು. ನಾನು ಹೌದು ಎಂದು ತಲೆಯಾಡಿಸಿದೆ.

"ಹಂಗಾರ ನೀವ ನಡಸ್ರಿ," ಎಂದಳು ಅವಳು. ಸೆರಗು ಹೊದ್ದುಕೊಂಡು ಎದ್ದು ಹೋದಳು. ಸಿಟ್ಟೂ ಇಲ್ಲ, ಅಳುವೂ ಇಲ್ಲ. ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಕೇಳಿದರೆ, ಗಂಟಲು ಹೋಗಿದೆ ಎಂದಳಂತೆ. ಗದ್ದೆಯಲ್ಲೂ ಹಾಡುವುದನ್ನು ಬಿಟ್ಟಳು. ನಾಟಿಯ ಹೆಂಗಸರು ನನ್ನನ್ನು ಹಾದಿಯಲ್ಲಿ ನಿಲ್ಲಿಸಿ, "ಮಾಸ್ತರ, ಏನ್ ಮಾಡೀರಿ ಆಕಿಗೆ? ಹೊತ್ತ ಹೋಗವಲ್ದು ನಮಗ," ಎಂದು ದಬಾಯಿಸಿದರು. ನಾನು ಗಂಟೆ ಹೊಡೆಯಿತು, ಶಾಲೆಗೆ ಹೊತ್ತಾಯಿತು ಎಂದು ಜಾರಿಕೊಂಡೆ. ಅಂದು ಭಾನುವಾರ ಎಂಬುದು ಮನೆ ಮುಟ್ಟಿದ ಮೇಲೆ ಹೊಳೆಯಿತು.

ಹೀಗೇ ಒಂದು ವರ್ಷ ಕಳೆಯಿತು. ಅವಳಿಲ್ಲದ ಭಜನೆಯನ್ನು ನೀವು ಕೇಳಬೇಕಿತ್ತು. ಪೇಟಿಯೂ ತಬಲಾವೂ ನೆಂಟರ ಮನೆಗೆ ಬಂದವರ ಹಾಗೆ ಒಂದರ ಮುಖ ಒಂದು ನೋಡುತ್ತಿದ್ದವು.

ಒಂದು ದಿನ ಶಾಲೆಯ ರೇಡಿಯೋ ಕೆಟ್ಟಿತೆಂದು ಅದನ್ನು ಹೊತ್ತುಕೊಂಡು ಸಾಹೇಬರ ಅಂಗಡಿಗೆ ಹೋದೆ. ಅವರು ಅದರ ಬೆನ್ನು ಬಿಚ್ಚಿ ಬೆಸುಗೆ ಹಾಕಿ ಸ್ಟೇಷನ್ ಹಿಡಿಯುವ ಮುಳ್ಳು ತಿರುವಿದರು. ಮಗ್ಗುಲಲ್ಲಿ ಇನ್ನೊಂದು ರೇಡಿಯೋ ಯಾವುದೋ ಸ್ಟೇಷನ್ ಹಿಡಿದು ಹಾಡುತ್ತಿತ್ತು. ಎರಡು ರೇಡಿಯೋ ಹತ್ತಿರವಿದ್ದರೆ ಒಂದರ ಮುಳ್ಳು ತಿರುವಿದಾಗ ಇನ್ನೊಂದು ಕುಂಯ್ ಎಂದು ಸೀಟಿ ಹೊಡೆಯುವುದು ನಿಮಗೂ ನೆನಪಿರಬಹುದು. ಎಲ್ಲರೂ ಅದನ್ನು ಪೀಡೆ ಎಂದೇ ತಿಳಿದಿದ್ದೆವು. ಅಂದು ಸಾಹೇಬರು ಬಿಚ್ಚಿದ ರೇಡಿಯೋದ ಒಳಗೆ ಏನನ್ನೋ ನೋಡಲು ಕೈ ಹತ್ತಿರ ತಂದರು; ಸೀಟಿ ಕೆಳಗೆ ಜಾರಿತು. ಕೈ ಹಿಂದೆ ತೆಗೆದರು, ಮೇಲೆ ಹೋಯಿತು. ಮತ್ತೆ ತಂದರು. ಮುಟ್ಟಲಿಲ್ಲ, ಬರೀ ಗಾಳಿಯಲ್ಲಿ ಕೈ. ಸೀಟಿ ಮೆಲ್ಲಗೆ ಜಾರಿ ಒಂದು ಕಡೆ ನಿಂತಿತು. ಸಾಹೇಬರ ಮುಖದ ಬಣ್ಣವೇ ಬದಲಾಯಿತು. ಇನ್ನೊಂದು ಕೈಯಿಂದ ಬಗಲಲ್ಲಿದ್ದ ಪೇಟಿಯ ತಿದಿ ಎಳೆದು ಕಪ್ಪು ಪಟ್ಟಿ ಒತ್ತಿ ನೋಡಿದರು. ಬಿಳಿ ಪಟ್ಟಿ ಒತ್ತಿ ನೋಡಿದರು. ಸೀಟಿ ಎರಡರ ನಡುವೆ ಇತ್ತು.

"ಮಾಸ್ತರ್ರ, ಇದ ಅಕ್ಕಾರ ಸ್ವರ ನೋಡ್ರಿ," ಎಂದರು. "ಆಕಿ ತಪ್ಪಿದ್ದಿಲ್ರಿ. ಆ ಸ್ವರ ನನ್ನ ಪೇಟಿಯಾಗ ಇದ್ದಿಲ್ಲ. ಪೇಟಿಯಾಗ ಇಲ್ಲಂದ್ರ ಲೋಕದಾಗ ಇಲ್ಲ ಅಂತ ತಿಳಕೊಂಡಿದ್ದೆ."

"ಹೋಗಿ ಹೇಳಿಬಿಡ್ರಲ್ಲ," ಎಂದೆ ನಾನು. ಬೇರೆಯವರ ತಪ್ಪೊಪ್ಪಿಗೆಯ ವಿಷಯದಲ್ಲಿ ನಾನು ಯಾವತ್ತೂ ಧಾರಾಳಿ.

"ಬರೇ ಬಾಯಿಲೆ ಹೇಳಿದ್ರ ಸಮಾಧಾನಕ್ಕ ಹೇಳಾಕ ಬಂದಾನ ಅಂತಾಳ. ಆ ಸ್ವರ ಕೇಳಿಸಬೇಕು. ಆಕಿ ಹಾಡಬೇಕು, ನಾ ಹಿಂದ ಹೋಗಬೇಕು. ಆಮ್ಯಾಲ ಹೇಳ್ತೀನಿ."

ಹೀಗೆ ಶುರುವಾಯಿತು ಸಾಹೇಬರ ಹುಚ್ಚು. ಗುಜರಿಗೆ ಹೋಗಬೇಕಾದ ಎರಡು ರೇಡಿಯೋಗಳನ್ನು ಒಂದು ಹಲಗೆಗೆ ಬಿಗಿದರು. ಒಂದರ ಬೆನ್ನು ತೆಗೆದು ಒಳಗಿನ ಸುರುಳಿಯ ಹತ್ತಿರಕ್ಕೆ ಒಂದು ತಂತಿ ತಂದು, ಅದಕ್ಕೆ ಡಾಲ್ಡಾ ಡಬ್ಬಿಯ ಮುಚ್ಚಳ ಬೆಸೆದರು. ಆ ಮುಚ್ಚಳದ ಮುಂದೆ ಕೈ ಆಡಿಸಿದರೆ ಇನ್ನೊಂದು ರೇಡಿಯೋ ಹಾಡಬೇಕು. ಮೊದಮೊದಲು ಬಂದದ್ದು ಹಾಡಲ್ಲ, ಬಾಲ ತುಳಿಸಿಕೊಂಡ ಬೆಕ್ಕಿನ ಕೂಗು. ಎದುರಿನ ಕಿರಾಣಿ ಅಂಗಡಿಯವರು ಬಂದು ಕೈಮುಗಿದು ಹೋದರು. ಗಿರಾಕಿಗಳು ಬಂದು ನಿಂತಿದ್ದರೂ ಇವರಿಗೆ ಕಾಣುತ್ತಿರಲಿಲ್ಲ. ವಾರಕ್ಕೆರಡು ಸಲ ನಾನು ತಬಲಾ ಹಿಡಿದು ಹೋಗಿ ಜೊತೆಗೆ ಕೂರುತ್ತಿದ್ದೆ. ಸಹಾಯಕ್ಕೆ ಎಂದು ಹೇಳಿಕೊಳ್ಳುತ್ತಿದ್ದೆ. ನಿಜ ಹೇಳಬೇಕೆಂದರೆ ಮನೆಯಲ್ಲಿ ಕೂತರೆ ನೆಮ್ಮದಿ ಇರಲಿಲ್ಲ.

ಬಹಳ ಕಷ್ಟವಾದದ್ದು ಒಂದೇ. ಆ ಸೀಟಿ ನಿನ್ನೆ ಇದ್ದಲ್ಲಿ ಇವತ್ತು ಇರುತ್ತಿರಲಿಲ್ಲ. ಸೆಲ್ಲು ಸವೆದರೆ ಒಂದು ತರಹ, ಬಿಸಿಲೇರಿದರೆ ಇನ್ನೊಂದು. ನಾನು ಹತ್ತಿರ ಸರಿದರೂ ಅದಕ್ಕೆ ಗೊತ್ತಾಗುತ್ತಿತ್ತು. "ಪೇಟಿಯಾಗ ಸ್ವರ ಕುಂತಿರ್ತಾವ್ರಿ, ಇದ್ರಾಗ ಓಡ್ಯಾಡ್ತಾವು. ಕಿವಿ ಬಿಟ್ರ ಬ್ಯಾರೆ ಆಧಾರ ಇಲ್ಲ," ಎನ್ನುತ್ತಿದ್ದರು ಸಾಹೇಬರು. ಮೊದಲೇ ಕಲಿತು ಇಟ್ಟುಕೊಂಡದ್ದು ಯಾವುದೂ ಉಪಯೋಗವಿಲ್ಲ. ಆ ಕ್ಷಣಕ್ಕೆ ಕೇಳಿಸಿದ್ದಕ್ಕೆ ಆ ಕ್ಷಣವೇ ಕೈ ಹೊರಳಬೇಕು. ನನ್ನ ತಬಲಾಕ್ಕೂ ಅದೇ ಗತಿ. ಸಮ, ಅಂದರೆ ತಾಳದ ಮೊದಲ ಪೆಟ್ಟು, ಎಲ್ಲಿ ಬೀಳುತ್ತದೆ ಎಂದು ಬೆರಳಲ್ಲಿ ಎಣಿಸಿಕೊಂಡೇ ಬದುಕಿದವನು ನಾನು. ಸೀಟಿ ಸಮವನ್ನು ಕಾಯುತ್ತಿರಲಿಲ್ಲ. ಎಣಿಕೆ ಬಿಟ್ಟು ಉಸಿರು ನೋಡಿ ಬಾರಿಸುವುದನ್ನು ಆ ಅಂಗಡಿಯಲ್ಲಿ ಕಲಿತೆ. ಎಂಟು ತಿಂಗಳು ಹಿಡಿಯಿತು.

ಮುಂಗಾರಿನ ನಾಟಿ ನಡೆದಿತ್ತು. ಒಂದು ರವಿವಾರ ಮುಂಜಾನೆ ಸಾಹೇಬರು ಹಲಗೆಯನ್ನು ಸೈಕಲ್ಲಿಗೆ ಬಿಗಿದುಕೊಂಡು ನನ್ನ ಮನೆ ಮುಂದೆ ನಿಂತರು. ನಿಂಗಕ್ಕ ಗುಡಿಗೆ ಬರುವುದಿಲ್ಲ, ಕರೆದರೆ ಒಲ್ಲೆ ಎನ್ನುತ್ತಾಳೆ. ಹಾಗಾದರೆ ಅವಳಿದ್ದಲ್ಲಿಗೇ ಹೋಗಬೇಕು. ಗದ್ದೆಯ ಬದುವಿನ ಮೇಲೆ ಬೇವಿನ ಮರದ ಕೆಳಗೆ ಹಲಗೆ ಇಟ್ಟೆವು. ನಾನು ತಬಲಾಕ್ಕೆ ಕೆಸರು ಹತ್ತೀತೆಂದು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು, ಮದುವೆಯಲ್ಲಿ ಕೂಸು ಹಿಡಿದ ಗಂಡಸಿನ ಹಾಗೆ ಕೂತೆ. ಹತ್ತು ಹೆಂಗಸರು ಸಾಲಾಗಿ ಬಗ್ಗಿ ಸಸಿ ಹಚ್ಚುತ್ತಿದ್ದರು. ನಡುವೆ ನಿಂಗಕ್ಕ. ನಮ್ಮನ್ನು ನೋಡಿದಳು, ಮತ್ತೆ ಬಗ್ಗಿದಳು.

ಸಾಹೇಬರು ಮುಚ್ಚಳದ ಮುಂದೆ ಕೈ ಹಿಡಿದರು. ಮೊದಲು ಬಂದದ್ದು ಅದೇ ಬೆಕ್ಕಿನ ಕೂಗು. ಹೆಂಗಸರು ನಕ್ಕರು. ಸ್ಟೇಷನ್ನಿನವರು ಅದೇ ಹೊತ್ತಿಗೆ ಭತ್ತಕ್ಕೆ ಯಾವ ಗೊಬ್ಬರ ಎಷ್ಟು ಹಾಕಬೇಕು ಎಂದು ಹೇಳತೊಡಗಿದರು. ನಗು ಇನ್ನೂ ಜೋರಾಯಿತು. ನನ್ನ ಮಾನ ಹೋಯಿತು ಎಂದುಕೊಂಡೆ. ಸಾಹೇಬರು ನಿಲ್ಲಿಸಲಿಲ್ಲ. ಗೊಬ್ಬರದ ಮಾತಿನ ಅಡಿಯಿಂದಲೇ ಸೀಟಿಯನ್ನು ಎತ್ತಿದರು, ಎತ್ತಿ ಇಳಿಸಿದರು, ಇಳಿಸುತ್ತ ಇಳಿಸುತ್ತ ಆ ಸಾಲಿನ ದಾರಿ ಹಿಡಿದರು. ಕಪ್ಪಿಗೂ ಬಿಳಿಗೂ ನಡುವೆ ಆ ಜಾಗಕ್ಕೆ ಬಂದು ನಿಂತರು. ನಿಂತೇ ಇದ್ದರು.

ನಿಂಗಕ್ಕನ ಕೈಯಲ್ಲಿ ಸಸಿ ಹಾಗೇ ಉಳಿಯಿತು. ನೆಟ್ಟಗೆ ನಿಂತು, ಸೊಂಟಕ್ಕೆ ಕೈ ಕೊಟ್ಟು, ಕೇಳಿದಳು. ಆಮೇಲೆ ಬಾಯಿ ತೆರೆದಳು. ಹೆಚ್ಚುಕಡಿಮೆ ಎರಡು ವರ್ಷದ ಮೇಲೆ ಆ ದನಿ ಕೇಳಿದ್ದು. ಸ್ವಲ್ಪ ಕೆರೆದಿತ್ತು, ಆದರೆ ಜಾರುವ ಜಾಗದಲ್ಲಿ ಜಾರಿತು, ನಿಲ್ಲುವ ಜಾಗದಲ್ಲಿ ನಿಂತಿತು. ಸೀಟಿ ಹಿಂದೆ ಹಿಂದೆ ಹೋಯಿತು. ಬಿಸಿಲಿಗೆ ರೇಡಿಯೋ ಕಾದು ಸೀಟಿ ತಾನಾಗಿ ಮೇಲೇರತೊಡಗಿದಾಗ ಅವಳೇ ಮೇಲೇರಿ ಅದನ್ನು ಕೂಡಿಕೊಂಡಳು. ಅವಳೊಂದು ತಿರುವು ಕೊಟ್ಟರೆ ಇವರೊಂದು. ಹೆಂಗಸರು ನಗು ಬಿಟ್ಟು ಕೊನೆಯಲ್ಲಿ ದನಿ ಕೂಡಿಸಿದರು. ನಾನು ಏನು ಬಾರಿಸಿದೆನೋ ನನಗೆ ಗೊತ್ತಿಲ್ಲ. ಅಷ್ಟು ಸಂತೋಷ ನನಗೆ ಅದಕ್ಕೆ ಮುಂಚೆ ಆಗಿರಲಿಲ್ಲ, ಆಮೇಲೂ ಆಗಿದ್ದು ಕಡಿಮೆಯೇ.

ಹಾಡು ಮುಗಿದ ಮೇಲೆ ಅವಳು ಕಾಲುವೆಯಲ್ಲಿ ಕೈಕಾಲು ತೊಳೆದುಕೊಂಡು ಬದುವಿಗೆ ಬಂದಳು. ಸಾಹೇಬರು ಎದ್ದು ನಿಂತರು.

"ಅಕ್ಕಾರ, ಅವತ್ತ ತಪ್ಪಿದ್ದು ನಾನ್ರಿ."

"ಗೊತ್ತೈತಿ ತಮ್ಮಾ."

"ಗೊತ್ತಿತ್ತೇನ್ರಿ?"

"ನನ್ನ ಗಂಟಲ ನನಗ ಗೊತ್ತಿರೂದಿಲ್ಲೇನು? ಹತ್ತು ಮಂದ್ಯಾಗ ಅಂದ್ಯಲ್ಲ, ಬಂದು ಹೇಳ್ತೀ ಅಂತ ದಾರಿ ನೋಡ್ಕೋತ ಇದ್ನಿ. ಭಾಳ ತಡಾ ಮಾಡಿದಿ."

ಸಾಹೇಬರು ಟೊಪ್ಪಿಗೆ ತೆಗೆದು ಕಣ್ಣೊರೆಸಿಕೊಂಡರು. ಅವಳು ಹಲಗೆಯ ಹತ್ತಿರ ಕೂತು ಡಾಲ್ಡಾ ಮುಚ್ಚಳದ ಮುಂದೆ ತನ್ನ ಕೈ ಆಡಿಸಿ ನೋಡಿ, ಅದು ಕೂಗಿದ್ದಕ್ಕೆ ನಕ್ಕಳು. ಆಮೇಲೆ ನನ್ನ ಕಡೆ ತಿರುಗಿದಳು.

"ಮಾಸ್ತರ, ಅವತ್ತ ನೀವೂ ತಲಿ ಅಲ್ಲಾಡಿಸಿದ್ರಿ."

ನಾನು ತಬಲಾದ ಹಗ್ಗ ಬಿಗಿ ಮಾಡುತ್ತಾ, "ಪೇಟಿಯವ್ರು ಹೇಳಿದ ಮ್ಯಾಲ ನಮ್ದೇನೈತ್ರಿ ಅಕ್ಕಾರ," ಎಂದೆ.

ಅವಳು ಸ್ವಲ್ಪ ಹೊತ್ತು ನೋಡಿದಳು. "ಹೌದಪಾ," ಎಂದು ಗದ್ದೆಗೆ ಇಳಿದಳು.

ಮುಂದಿನ ಶನಿವಾರದಿಂದ ಹನುಮಪ್ಪನ ಗುಡಿಯಲ್ಲಿ ಪೇಟಿಯ ಮಗ್ಗುಲಿಗೆ ಹಲಗೆಯೂ ಬಂದು ಕೂತಿತು. ಗುಡಿಯೊಳಗೆ ದೆವ್ವ ಕೂಗಿಸುತ್ತೀರಾ ಎಂದು ಪೂಜಾರಿ ಒಂದು ತಿಂಗಳು ಗೊಣಗಿದರು. ಆಮೇಲೆ ಅವರೇ ಸೆಲ್ಲು ತಂದುಕೊಟ್ಟರು. ನಾಟಕ ನೋಡಿ ರೂಢಿಯಾದ ಜನ, ಚೆನ್ನಾಗಿ ಬಂದಾಗ "ವನ್ಸ್ ಮೋರ್" ಎಂದು ಕೂಗುತ್ತಿದ್ದರು. ಪೇಟಿಯಾದರೆ ಅದನ್ನೇ ಇನ್ನೊಮ್ಮೆ ನುಡಿಸಬಹುದು. ಸಾಹೇಬರು ಕೈಮುಗಿದು, "ಅದು ಹೋತ್ರಿ. ಈಗ ಬರೂದ ಕೇಳ್ರಿ," ಎನ್ನುತ್ತಿದ್ದರು. ಎಂಬತ್ತರ ದಶಕದ ಅರ್ಧದವರೆಗೂ ಹೀಗೇ ನಡೆಯಿತು. ಅಷ್ಟು ವರ್ಷಗಳಲ್ಲಿ ನಿಂಗಕ್ಕ ಆ ಮಾತನ್ನು ನನ್ನ ಹತ್ತಿರ ಮತ್ತೆ ಎತ್ತಲಿಲ್ಲ. ನಾನು ವರ್ಗವಾಗಿ ಕುಷ್ಟಗಿಗೆ ಹೊರಟ ದಿನ ಬಾಗಿಲಿಗೆ ಬಂದು ಒಂದು ಚೀಲ ಹೊಸ ಅಕ್ಕಿ ಇಟ್ಟು ಹೋದಳು. ಅವಳೂ ಈಗಿಲ್ಲ, ಸಾಹೇಬರೂ ಇಲ್ಲ.

ಒಂದು ತಪ್ಪು ಒಪ್ಪಿಕೊಳ್ಳುವುದಕ್ಕೆ ಒಂದು ವಾದ್ಯವನ್ನೇ ಹುಟ್ಟಿಸಿದ ಮನುಷ್ಯನ ಮಗ್ಗುಲಲ್ಲಿ ಕೂತು ತಬಲಾ ಬಾರಿಸಿದ ಪುಣ್ಯ ನನ್ನದು. ನನಗೆ ಕೇಳುವ ಕಿವಿ ಕೊಟ್ಟವರು ಆ ಇಬ್ಬರು. ಅವರ ಋಣವನ್ನು ನೆನೆಯದ ದಿನವಿಲ್ಲ.

ಮೊಬೈಲ್ ಅಂಗಡಿಯವನು ಫೋನನ್ನು ನನ್ನ ಕೈಗಿತ್ತು, "ಫೋನ್ ಛಲೋ ಐತ್ರಿ ಸರ," ಎಂದ. ಮನೆಯವರು ಗೆದ್ದರು. ಆ ಗೆಲುವಿನ ಸುದ್ದಿಯನ್ನು ಅವರಿಗೆ ಹೇಳುವ ಮೊದಲು ಇದನ್ನು ಬರೆದು ಮುಗಿಸಬೇಕೆಂದು ಕೂತಿದ್ದೇನೆ. ಸಾಹೇಬರಿಗಾದರೂ ನಿಜವಾಗಿಯೇ ಕೇಳಿಸಿರಲಿಲ್ಲ. ಅವರ ಕಿವಿಗೆ ಪೇಟಿ ಅಡ್ಡ ನಿಂತಿತ್ತು. ನನ್ನ ಮುಂದೆ ಪೇಟಿ ಇರಲಿಲ್ಲ. ಆ ಶನಿವಾರ ನಿಂಗಕ್ಕ ಆ ಜಾಗಕ್ಕೆ ಜಾರಿ ನಿಂತಾಗ ನನ್ನ ತೋಳಿನ ಕೂದಲು ಎದ್ದು ನಿಂತಿದ್ದವು, ಒಂದು ಪೆಟ್ಟು ಬಾರಿಸುವುದನ್ನು ಮರೆತಿದ್ದೆ. ಆಮೇಲೆ ತಲೆಯಾಡಿಸಿದೆ.

ನೀವು ತಪ್ಪಿರಲಿಲ್ಲ, ಅಕ್ಕಾರ. ನನಗೆ ಅವತ್ತೇ ಗೊತ್ತಿತ್ತು.