ಕಾಲಿಗೆ ಬಲ ಕೊಟ್ಟ ಬೀಗಿತ್ತಿ

ಅವರ ಪಾದಗಳು ಅಗಲವಾಗಿದ್ದವು. ಹಿಮ್ಮಡಿ ಒಡೆದಿತ್ತು, ಕಾಲುಂಗುರ ಬೆರಳಿನೊಳಗೆ ಹೂತುಹೋದಂತಿತ್ತು. ನಮ್ಮ ನುಣುಪು ಟೈಲ್ಸಿನ ಮೇಲೆ ಅವರು ಕಾಲೂರಿ ನಿಂತರೆ, ಇವರು ಜಾರುವುದು ಸಾಧ್ಯವೇ ಇಲ್ಲ ಅನಿಸುತ್ತಿತ್ತು. ಹರಿಹರದ ನನ್ನ ಬೀಗಿತ್ತಿ, ಸೊಸೆಯ ತಾಯಿ. ನನಗಿಂತ ಎರಡು ವರ್ಷಕ್ಕೆ ದೊಡ್ಡವರು.

ನಾನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯ ಬಚ್ಚಲಲ್ಲಿ ಜಾರಿ ಬಿದ್ದೆ. ಮೂಳೆಗೇನೂ ಆಗಿರಲಿಲ್ಲ, ಆದರೆ ಎದ್ದು ನಡೆಯಲು ಭಯ ಹತ್ತಿಕೊಂಡಿತು. ಕಾಲಿಗೆ ಬಲ ಬರಲೆಂದು ಡಾಕ್ಟರು ಸಣ್ಣಪುಟ್ಟ ವ್ಯಾಯಾಮ ಹೇಳಿಕೊಟ್ಟಿದ್ದರು. ನಾನು ಮಾಡಲಿಲ್ಲ. ಮಗ, ಸೊಸೆ ಕೆಲಸಕ್ಕೆ ಹೋದ ಮೇಲೆ ಹಾಸಿಗೆಯಲ್ಲೇ ಬಿದ್ದಿರುತ್ತಿದ್ದೆ. ಸುದ್ದಿ ತಿಳಿದ ಬೀಗಿತ್ತಿ ಬಸ್ಸು ಹತ್ತಿ ಬಂದರು. ಆಮೇಲೆ ವಾರಕ್ಕೆರಡು ಸಲ ಬರತೊಡಗಿದರು.

ಕುರ್ಚಿಯನ್ನು ಗೋಡೆಗೆ ಒತ್ತಿಟ್ಟು, “ಕೈ ಊರದಂಗೆ ಏಳ್ರಿ ಬೀಗ್ರೆ, ಅವಸರ ಬ್ಯಾಡ” ಎನ್ನುತ್ತಿದ್ದರು. ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಬೇಕು, ಒಂಟಿ ಕಾಲಲ್ಲಿ ನಿಲ್ಲಬೇಕು. ಒಂದು ದಿನ ನನಗೆ ಸಿಟ್ಟು ಬಂತು.

“ಈ ವಯಸ್ನಾಗೆ ಇದೇನ್ರಿ ಆಟ? ನಿಮ್ಮ ಮಗಳು ನೋಡಿದ್ರೆ ನಗ್ತಾಳೆ” ಎಂದೆ.

“ನಗ್ಲಿ ಬಿಡ್ರಿ, ಇಬ್ರನ್ನೂ ನೋಡಿ ನಗ್ಲಿ” ಎಂದು ಅವರೂ ಪಕ್ಕದಲ್ಲಿ ಕಟ್ಟೆ ಹಿಡಿದು ಕಾಲೆತ್ತಿದರು. ಕಾಲಿಳಿಸುತ್ತ, “ನಮ್ಮತ್ತೆ ಬಿದ್ದು ಹಾಸಿಗೆ ಹಿಡಿದ್ರು. ನನಗೇನೂ ಗೊತ್ತಿರ್ಲಿಲ್ಲ, ಮಲಗಿಸೇ ಇಟ್ಟೆ. ಮತ್ತೆ ಏಳ್ಲೇ ಇಲ್ಲ ಅವ್ರು. ಇವತ್ತಿಗೂ ಅದು ಮನಸ್ನಾಗೆ ಐತೆ” ಎಂದರು.

ನಾನು ಕಟ್ಟೆ ಹಿಡಿದು ಕಾಲೆತ್ತಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಬೀದಿಯ ತುದಿಯ ತರಕಾರಿ ಅಂಗಡಿಗೆ ಒಬ್ಬಳೇ ಹೋಗಿ ಬಂದೆ. ಹೇಳಿದಾಗ ಅವರ ಕಣ್ಣು ತುಂಬಿತು. “ಇನ್ನ ನೀವೇ ಬರ್ರಿ ನಮ್ಮನಿಗೆ. ಬಿಸಿ ರೊಟ್ಟಿ ಮಾಡಿ ಹಾಕ್ತೀನಿ” ಎಂದರು.

ಬರುತ್ತೇನೆ ಎಂದೆ. ಹೋಗಲಿಲ್ಲ. ಹರಿಹರವೇನು ದೂರವೇ? ಗಂಡಿನ ತಾಯಿ ನಾನು, ಕಾರಣವಿಲ್ಲದೆ ಹೆಣ್ಣಿನ ಮನೆಗೆ ಹೋಗುವುದು ಹೇಗೆ ಎಂಬ ಬಿಂಕ. ಅವರು ಫೋನು ಮಾಡಿ ಕರೆದಾಗಲೆಲ್ಲ “ಮಂಡಿ ಹಿಡ್ಕಂಡೈತ್ರಿ, ಮೆಟ್ಲು ಹತ್ತಾಕಾಗಲ್ಲ” ಎನ್ನುತ್ತಿದ್ದೆ. ಮಂಡಿಗೆ ಏನೂ ಆಗಿರಲಿಲ್ಲ. ಅವರು ನಂಬಿ, “ಹಂಗಾದ್ರೆ ಕುಂತ್ಕಂಡೇ ಕಾಲು ಚಾಚ್ರಿ, ಬಿಡಬ್ಯಾಡ್ರಿ” ಎನ್ನುತ್ತಿದ್ದರು.

ಬೇಸಿಗೆಯ ಒಂದು ಬೆಳಿಗ್ಗೆ ಅವರಿಗೆ ಹೃದಯಾಘಾತವಾಯಿತು. ನಾವು ಹರಿಹರ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವರ ಮನೆಯ ಎತ್ತರದ ಮೆಟ್ಟಿಲುಗಳನ್ನು ಯಾರ ಕೈಯೂ ಹಿಡಿಯದೆ ಹತ್ತಿದೆ. ಬಾಗಿಲಲ್ಲಿದ್ದ ಪಕ್ಕದ ಮನೆಯ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

“ದಾವಣಗೆರೆ ಬೀಗ್ರೇನ್ರಿ ನೀವು? ಹತ್ತಾಕೆ ಕಷ್ಟ ಆಗ್ತೈತೆ ನಿಮಗೆ ಅಂತ ಕಂಬಿ ಹಾಕ್ಸಿದ್ರು ಅವ್ರು, ಹೋದ ತಿಂಗ್ಳು.”

ತಿರುಗಿ ನೋಡಿದೆ. ಮೆಟ್ಟಿಲ ಪಕ್ಕದ ಗೋಡೆಗೆ ಹೊಸ ಕಬ್ಬಿಣದ ಕಂಬಿ ಇತ್ತು. ಹತ್ತುವಾಗ ನಾನದನ್ನು ಮುಟ್ಟಿಯೂ ಇರಲಿಲ್ಲ.

ನನ್ನ ಸೊಸೆ ಅಲ್ಲೇ ನಿಂತಿದ್ದಳು. ಒಂದೇ ಮನೆಯಲ್ಲಿರುವವಳು, ನನ್ನ ಮಂಡಿ ಹೇಗಿದೆಯೆಂದು ಅವಳಿಗೆ ಚೆನ್ನಾಗಿ ಗೊತ್ತು. ಅವಳು ಆವತ್ತೂ ಏನೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ. ಒಂದು ಮಾತು ಅಂದಿದ್ದರೆ ನನಗೆ ತುಸು ಹಗುರಾಗುತ್ತಿತ್ತು.