ಚಹಾದಂಗಡಿಯ ಕಡೆಯಿಂದ ಕಂಡಷ್ಟು

ದಾವಣಗೆರೆಯ ಮಂಡಿಪೇಟೆಯಲ್ಲಿ ನನ್ನ ಕಾಲೇಜು ಗೆಳೆಯನದೊಂದು ಸಗಟು ಕಿರಾಣಿ ಅಂಗಡಿ ಇದೆ. ಬೆಳಿಗ್ಗೆ ಲಾರಿಯಿಂದ ಮಾಲು ಇಳಿಯುವವರೆಗೆ ಅಲ್ಲಿ ಹೆಚ್ಚು ಕೆಲಸವಿರುವುದಿಲ್ಲ. ಆ ಹೊತ್ತಿನಲ್ಲಿ ಅವನ ಗಾದಿಯ ಅಂಚಿಗೆ ಕೂತು ಪತ್ರಿಕೆ ಓದಿ ಹೇಳುವುದು ಹಲವು ವರ್ಷ ನನ್ನ ಪಾಲಿನ ಕೆಲಸವಾಗಿತ್ತು. ಅವನ ತಂದೆಯ ಕಾಲದಲ್ಲಿ ಅಂಗಡಿಗೆ ಒಂದೇ ಪತ್ರಿಕೆ ಬರುತ್ತಿತ್ತು. ಒಬ್ಬರು ಗಟ್ಟಿಯಾಗಿ ಓದುತ್ತಿದ್ದರು, ಮಾಲು ಒಯ್ಯಲು ಬಂದವರೆಲ್ಲ ಚೀಲಗಳ ಮೇಲೆ ಕೂತು ಕೇಳುತ್ತಿದ್ದರು. ಈಗ ಎಲ್ಲರಿಗೂ ಓದು ಬರುತ್ತದೆ, ಎಲ್ಲರ ಜೇಬಿನಲ್ಲೂ ಫೋನಿದೆ. ಆದರೂ ಆ ರೂಢಿ ನಿಂತಿರಲಿಲ್ಲ. ನಾನು ಹುಟ್ಟುಹಾಕಿದ ಒಂದು ಆಟ ಅದಕ್ಕೆ ಕಾರಣವಿರಬಹುದು.

ಒಂದೇ ಸುದ್ದಿಯನ್ನು ಮೂರು ಪತ್ರಿಕೆಗಳಿಂದ ಓದುತ್ತಿದ್ದೆ. ಪತ್ರಿಕೆಯ ಹೆಸರು ಕಾಣದಂತೆ ಹಾಳೆಯನ್ನು ಮಡಚಿ ಹಿಡಿಯುತ್ತಿದ್ದೆ. ಯಾವುದು ಯಾವ ಪತ್ರಿಕೆ ಎಂದು ಕೇಳಿದವರು ಗುರುತಿಸಬೇಕು. ತಪ್ಪಿದವರು ಎಲ್ಲರಿಗೂ ಚಹಾ ಹೇಳಬೇಕು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದಿ, ಖಾಸಗಿ ಕಾಲೇಜೊಂದರಲ್ಲಿ ಪಾಠ ಹೇಳಿ, ಯಾರ ಮಾತನ್ನೂ ನೆಟ್ಟಗೆ ನಂಬಲಾರದೆ ಕೆಲಸ ಬಿಟ್ಟು ಬಂದ ನನಗೆ ಈ ಆಟ ತರಗತಿಯ ಬದಲಿಗೆ ಸಿಕ್ಕ ತರಗತಿಯಾಗಿತ್ತು. ವಿದ್ಯಾರ್ಥಿಗಳು ಮಾತ್ರ ನನಗಿಂತ ಚುರುಕು.

"ಮಂತ್ರಿ 'ಗುಡುಗಿದರು' ಅಂದ್ರೆ ಅದು ಅವರ ಪೇಪರ್. 'ತಡಬಡಾಯಿಸಿದರು' ಅಂದ್ರೆ ಇವರ ಪೇಪರ್," ಎನ್ನುತ್ತಿದ್ದ ಗೆಳೆಯ. "ಅಷ್ಟು ತಿಳಿಯಾಕೆ ನಿನ್ನಷ್ಟು ಓದಬೇಕೇನಲೇ?"

"ಮತ್ತೆ 'ಹೇಳಿದರು' ಅಂತ ಬರೆದ್ರೆ?" ಎಂದು ಚೀಲದ ಮೇಲೆ ಕೂತ ಯಾರೋ ಕೇಳುತ್ತಿದ್ದರು.

"ಅವನಿಗೆ ಇನ್ನೂ ಜಾಹೀರಾತು ಸಿಕ್ಕಿಲ್ಲ, ಪಾಪ."

ನಾಲ್ಕನೆಯದೊಂದು ಪತ್ರಿಕೆಯೂ ಬರುತ್ತಿತ್ತು. ನಮ್ಮ ಊರಿನಲ್ಲೇ ಅಚ್ಚಾಗುವ ನಾಲ್ಕು ಪುಟದ್ದು. ಅದರ ತುಂಬ ಮುಖಂಡರ ಹುಟ್ಟುಹಬ್ಬದ ಶುಭಾಶಯಗಳು, ಸಾಲುಸಾಲು ಪಾಸ್‌ಪೋರ್ಟ್ ಫೋಟೊಗಳು. ಅದನ್ನು ನಾನು ಯಾವತ್ತೂ ಆಟಕ್ಕೆ ಸೇರಿಸಲಿಲ್ಲ. ಚಹಾದ ಲೋಟಗಳ ಕೆಳಗೆ ಹಾಸುತ್ತಿದ್ದೆವು.

ಕಳೆದ ಬೇಸಿಗೆಯಲ್ಲಿ ಒಂದು ದಿನ ಹಳೆಯ ಸಹೋದ್ಯೋಗಿಯೊಬ್ಬರನ್ನು ನೋಡಲು ಹರಿಹರಕ್ಕೆ ಹೋಗಿದ್ದೆ. ಮೊದಲೇ ತಿಳಿಸಿರಲಿಲ್ಲ; ಅವರ ಮನೆಗೆ ಬೀಗ ಹಾಕಿತ್ತು. ಹಿಂದಕ್ಕೆ ಬರುವಾಗ ಊರಿನ ಅಂಚಿನಲ್ಲಿ ಬಸ್ಸು ನಿಂತಿತು. ಭದ್ರಾ ಕಾಲುವೆಯ ಕೊನೆಯ ಹಳ್ಳಿಗಳವರು ಗದ್ದೆಗೆ ನೀರು ತಲುಪಿಲ್ಲವೆಂದು ರಸ್ತೆಗೆ ಅಡ್ಡ ಟ್ರ್ಯಾಕ್ಟರ್ ನಿಲ್ಲಿಸಿ ಕೂತಿದ್ದರು. ನಾನು ಇಳಿದು ಅವರ ಹಿಂದಿದ್ದ ತಗಡಿನ ಚಹಾದಂಗಡಿಯ ಪಕ್ಕ ನಿಂತೆ. ಅವರ ಆಚೆ, ಎದುರಿಗೆ, ಪೊಲೀಸರಿದ್ದರು. ಸ್ವಲ್ಪ ಹೊತ್ತಿಗೆ ಗಲಾಟೆ ಶುರುವಾಯಿತು. ಕೂತಿದ್ದವರು ಎದ್ದರು, ಲಾಠಿಗಳು ಬಂದವು, ಎಲ್ಲರೂ ನಮ್ಮ ಕಡೆಗೆ ಓಡಿ ಬಂದರು. ನಾನು ಚಹಾದಂಗಡಿಯ ಒಳಗೆ ಸರಿದೆ. ಎಲ್ಲ ತಣ್ಣಗಾದ ಮೇಲೆ ಬೇರೆ ಬಸ್ಸು ಹಿಡಿದು ದಾವಣಗೆರೆಗೆ ಬಂದೆ.

ಮನೆ ಬೀಗ ತೆಗೆದೆ. ನಾನು ಮದುವೆಯಾಗಲಿಲ್ಲ, ಬಾಡಿಗೆ ಮನೆಯಲ್ಲಿ ಒಬ್ಬನೇ. ಮಾತು ಬೇಕೆನಿಸಿ ಟಿ.ವಿ. ಹಾಕಿದೆ. ಒಂದು ವಾಹಿನಿ ರೈತರ ವೇಷದ ಗೂಂಡಾಗಳು ಕಲ್ಲು ತೂರಿದರೆಂದು ಕೂಗುತ್ತಿತ್ತು. ಇನ್ನೊಂದು, ಶಾಂತವಾಗಿ ಕೂತ ಅನ್ನದಾತರ ಮೇಲೆ ಸರ್ಕಾರ ಲಾಠಿ ಬೀಸಿತೆಂದು ಕೂಗುತ್ತಿತ್ತು. ಎರಡರಲ್ಲೂ ಅದೇ ಒಂದು ತುಣುಕು ವೀಡಿಯೊ: ಹಸಿರು ಟವೆಲಿನ ಯುವಕನೊಬ್ಬ ಬಾಯಿ ತೆರೆದು ಕೂಗುತ್ತಾನೆ, ಅವನ ಕೈ ಮೇಲೇಳುತ್ತದೆ. ಒಂದರಲ್ಲಿ ಕೈಗೆ ಕೆಂಪು ವೃತ್ತ, ಇನ್ನೊಂದರಲ್ಲಿ ಹಿನ್ನೆಲೆಗೆ ಶೋಕದ ಸಂಗೀತ. ನಿದ್ದೆ ಬರುವವರೆಗೂ ಅದನ್ನೇ ಮತ್ತೆ ಮತ್ತೆ ನೋಡಿದೆ. ಎರಡೂ ಎಷ್ಟು ಸುಳ್ಳು ಹೇಳುತ್ತಿವೆ ಎಂದು ಒಬ್ಬನೇ ಮಾತಾಡಿಕೊಂಡದ್ದೂ ನೆನಪಿದೆ.

ಮರುದಿನ ಅಂಗಡಿಯಲ್ಲಿ ನಾನು ಹಾಳೆ ಮಡಚುವಷ್ಟರಲ್ಲಿ ಗೆಳೆಯ ಕಸಿದುಕೊಂಡ. "ಇವತ್ತು ಆಟ ಬ್ಯಾಡ. ನೀನೇ ಅಲ್ಲಿದ್ದಿ ಅಂತೀಯಲ್ಲ, ನೀನೇ ಹೇಳು."

ಅಷ್ಟೊಂದು ಕಿವಿಗಳು ನನ್ನ ಮಾತಿಗಾಗಿ ಕಾದು ಕೂತದ್ದು ಅದೆಷ್ಟು ಕಾಲದ ಮೇಲೋ. ನಾನು ಹೇಳಿದೆ. ಹಸಿರು ಟವೆಲಿನವನ ಮುಖ ಹೇಗಿತ್ತು, ಅವನ ಕತ್ತಿನ ನರ ಹೇಗೆ ಉಬ್ಬಿತ್ತು, ಕೈ ಹೇಗೆ ಮೇಲೆದ್ದಿತು. ಅವನ ಕೈಯಲ್ಲಿದ್ದದ್ದು ಟವೆಲಿನ ತುದಿ, ಕಲ್ಲಲ್ಲ. ನಾನು ಕಣ್ಣಾರೆ ಕಂಡೆ ಎಂದೆ. ಯಾರೂ ನಡುವೆ ಬಾಯಿ ಹಾಕಲಿಲ್ಲ. ಚಹಾವನ್ನು ಗೆಳೆಯನೇ ಹೇಳಿದ.

ಕೆಲವು ದಿನಗಳಲ್ಲಿ ಕೊಕ್ಕನೂರಿನ ಒಬ್ಬರು ಬಂದರು. ಊರಿನಲ್ಲಿ ಗದ್ದೆಯ ಜೊತೆಗೆ ಸಣ್ಣ ಅಂಗಡಿ ಇಟ್ಟಿದ್ದ ಅವರು ಗೆಳೆಯನ ಹಳೆಯ ಗಿರಾಕಿ. ನಮ್ಮ ಆಟದಲ್ಲಿ ಅವರಷ್ಟು ಸರಿಯಾಗಿ ಪತ್ರಿಕೆ ಗುರುತಿಸುವವರು ಇರಲಿಲ್ಲ. ಅವತ್ತು ಅವರು ಮಾಲಿನ ಮಾತೇ ಎತ್ತದೆ ನನ್ನ ಪಕ್ಕ ಕೂತರು.

"ಮೇಷ್ಟ್ರೆ, ಆ ವೀಡಿಯೊದಾಗೆ ಇರೋನು ನನ್ನ ತಮ್ಮ. ಕೇಸ್ ಹಾಕ್ಯಾರೆ. ಕಲ್ಲು ಒಗೆದೋನು ಅವನೇ ಅಂತ."

ನನಗೆ ಗೊತ್ತಿರಲಿಲ್ಲ.

"ನೀವು ನೋಡೀರಂತೆ. ಕೈಯಾಗೆ ಟವೆಲ್ ಇತ್ತು ಅಂದ್ರಂತೆ. ನಮ್ಮೋರು ಯಾರು ಹೇಳಿದ್ರೂ, ಅವರು ನಿಮ್ಮೋರೇ ಬಿಡು ಅಂತಾರೆ. ನೀವು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ವಕೀಲರ ಹತ್ರ ಬಂದು ಅಷ್ಟೇ ಮಾತು ಹೇಳಿಬಿಡ್ರಿ. ನಿಮ್ಮ ಮಾತು ನಡೀತೈತೆ."

"ಬರ್ತೀನಿ," ಎಂದೆ. ಅವರು ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಎದ್ದರು. ತಮ್ಮನಿಗೆ ಜೈಲಾದೀತು ಎಂಬ ಹೆದರಿಕೆ ಅವರ ಹಿಡಿತದಲ್ಲಿ ನನಗೆ ತಿಳಿಯಿತು.

ಅವರು ಹೋದ ಮೇಲೆ ಗೆಳೆಯ ತಕ್ಕಡಿ ಒರೆಸುತ್ತಾ ಸುಮ್ಮನೆ ಕೇಳಿದ. "ಲೇ, ನೀನು ನಿಂತಿದ್ದು ಎಲ್ಲಿ?"

"ಹೇಳಿದೆನಲ್ಲ, ಚಹಾದಂಗಡಿ ಹತ್ರ."

"ಕೂತೋರ ಹಿಂದೆ?"

"ಹೂಂ."

"ಅವರು ಪೊಲೀಸ್ನೋರ ಕಡೆ ಮಖ ಮಾಡಿ ಕೂತಿದ್ರು?"

"ಹೂಂ."

"ಮತ್ತೆ ಆ ಹುಡುಗನ ಮಖ ನಿನಗೆ ಹೆಂಗೆ ಕಂಡ್ತು?"

ಅವನು ನನ್ನನ್ನು ಸಿಕ್ಕಿಸಲು ಕೇಳಿರಲಿಲ್ಲ. ವಕೀಲರು ಕೇಳಬಹುದಾದದ್ದನ್ನು ಮೊದಲೇ ಕೇಳಿ ನನ್ನನ್ನು ಉಳಿಸಲು ನೋಡಿದ್ದ. "ತಿರುಗಿರಬೇಕು ಬಿಡು, ಒಂದ್ ಗಳಿಗೆ," ಎಂದು ತಾನೇ ದಾರಿಯನ್ನೂ ತೋರಿಸಿದ.

ಆ ಹುಡುಗ ತಿರುಗಿದ್ದನೇ? ಆ ಮಧ್ಯಾಹ್ನವೇ ಹರಿಹರಕ್ಕೆ ಹೋದೆ. ಚಹಾದಂಗಡಿ ಇತ್ತು. ಅವತ್ತು ನಿಂತಲ್ಲೇ ನಿಂತೆ. ರಸ್ತೆಯಲ್ಲಿ ಬಸ್ಸುಗಳು, ಕಬ್ಬಿನ ಲಾರಿಗಳು ಹೋಗುತ್ತಿದ್ದವು. ಕಣ್ಣು ಮುಚ್ಚಿ ನೆನೆದರೆ ಆ ಮುಖ ಸ್ಪಷ್ಟವಾಗಿ ಬರುತ್ತಿತ್ತು. ಆದರೆ ಆ ಚಿತ್ರದಲ್ಲಿ ಯುವಕನ ಹೆಗಲ ಹಿಂದೆ, ದೂರದಲ್ಲಿ, ಒಂದು ತಗಡಿನ ಅಂಗಡಿಯೂ ಕಾಣುತ್ತಿತ್ತು. ಅದು ನಾನು ನಿಂತಿದ್ದ ಅಂಗಡಿ. ಅಂದರೆ ನಾನು ಪೊಲೀಸರ ಕಡೆ ನಿಂತು ನೋಡಿದಂತೆ ನೆನೆಯುತ್ತಿದ್ದೆ. ಅಲ್ಲಿ ನಿಂತಿದ್ದದ್ದು ನಾನಲ್ಲ, ಕ್ಯಾಮೆರಾ.

ಕ್ಯಾಮೆರಾ ತಂದುಕೊಟ್ಟದ್ದನ್ನೆಲ್ಲ ತೆಗೆದುಹಾಕಿ ನನ್ನದೇನು ಉಳಿಯುತ್ತದೆಂದು ಹುಡುಕಿದೆ. ಬಹಳ ಬೆನ್ನುಗಳು. ರಸ್ತೆಯ ಬದಿಗೆ ಬಿಟ್ಟ ಚಪ್ಪಲಿಗಳು. ಕುದಿದು ಕುದಿದು ಕಹಿಯಾದ ಚಹಾದ ವಾಸನೆ. ಆಮೇಲೆ, ಲಾಠಿಗಳು ಏಳುವ ಮೊದಲೋ ನಂತರವೋ, ತಗಡಿನ ಮೇಲೆ ಏನೋ ಬಿದ್ದಂಥ ಒಂದು ಸದ್ದು. ಅಷ್ಟೇ.

ಆ ಸಂಜೆ ಟಿ.ವಿ. ಹಾಕುವ ಮೊದಲು ಯಾರಾದರೂ ಒಬ್ಬರು "ಏನಾಯಿತು?" ಎಂದು ಕೇಳಿದ್ದರೆ, ನಾನು ಬೆನ್ನುಗಳನ್ನೂ ಚಪ್ಪಲಿಗಳನ್ನೂ ಹೇಳಿರುತ್ತಿದ್ದೆ. ಹೇಳಿದ್ದು ನನ್ನದಾಗಿ ಉಳಿದಿರುತ್ತಿತ್ತು. ಕೇಳುವವರಿಲ್ಲದ ಮನೆಯಲ್ಲಿ, ನಾನು ಕಂಡದ್ದನ್ನು ಟಿ.ವಿ. ನನಗೆ ಹೇಳಿತು. ಇಷ್ಟು ವರ್ಷ ಬೇರೆಯವರ ವಾಕ್ಯಗಳಲ್ಲಿ ಪಕ್ಷ ಹುಡುಕಿದವನಿಗೆ ತನ್ನ ತಲೆಯೊಳಗೆ ಯಾವ ವಾಹಿನಿ ಓಡುತ್ತಿದೆ ಎಂದು ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಅಂಗಡಿಗೆ ಹೋಗಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿದೆ. ದೊಡ್ಡ ಪತ್ರಿಕೆಗಳು ನನಗೆ ಬಾಯಿಪಾಠವಾಗಿದ್ದವು. ನಾಲ್ಕು ಪುಟದ ಊರ ಪತ್ರಿಕೆ ಸಿಕ್ಕಿತು, ಲೋಟದ ಗುರುತುಗಳೊಂದಿಗೆ. ಯಾವನೋ ಮುಖಂಡನ ಹುಟ್ಟುಹಬ್ಬದ ಕೆಳಗೆ, ಮೂಲೆಯಲ್ಲಿ, ಚಿಕ್ಕದಾಗಿ ಆ ಸುದ್ದಿ ಇತ್ತು. ಕಲ್ಲು ಬಿತ್ತೆಂದು ಪೊಲೀಸರು ಹೇಳುತ್ತಾರೆ, ಇಲ್ಲವೆಂದು ರೈತರು ಹೇಳುತ್ತಾರೆ, ಗಲಾಟೆ ಶುರುವಾದಾಗ ತಾನು ಹಿಂದೆ ಇದ್ದುದರಿಂದ ಮೊದಲು ಏನಾಯಿತೆಂದು ಕಾಣಲಿಲ್ಲ ಎಂದು ವರದಿಗಾರ ಬರೆದಿದ್ದ. ಮಿಕ್ಕ ಸಾಲುಗಳಲ್ಲಿ ಯಾವ ಯಾವ ಹಳ್ಳಿಗೆ ನೀರು ತಲುಪಿಲ್ಲ ಎಂಬ ವಿವರ. ಬಹುಶಃ ಅವನೂ ಆ ಚಹಾದಂಗಡಿಯ ಪಕ್ಕವೇ ಇದ್ದನೇನೋ. ಅವನು ಕಾಣಲಿಲ್ಲವೆಂದು ಬರೆದು ಮನೆಗೆ ಹೋದ. ನಾನು ಕಂಡೆನೆಂದು ಹೇಳಿ ಚಹಾ ಕುಡಿದೆ.

ಕೊಕ್ಕನೂರಿನವರು ಬಂದಾಗ ಅವರಿಗೆ ಎಲ್ಲ ಹೇಳಿದೆ. ಮುಖ ಕಂಡಿಲ್ಲ, ಕೈ ಕಂಡಿಲ್ಲ, ಟವೆಲೂ ಕಂಡಿಲ್ಲ ಎಂದೆ. ಅವರು ಮೊದಲು ನಕ್ಕರು, ಯಾರೋ ನನ್ನನ್ನು ಹೆದರಿಸಿದ್ದಾರೆಂದು ತಿಳಿದು.

"ಯಾರಾದ್ರೂ ಏನಾರ ಅಂದ್ರೇನ್ರಿ?"

"ಇಲ್ಲ. ನಾನು ಹಿಂದೆ ಇದ್ದೆ. ನನಗೆ ಕಂಡಿದ್ದು ಬೆನ್ನು ಮಾತ್ರ."

"ಅವತ್ತು ಹಿಂಗೆ ಹೇಳಲಿಲ್ಲಲ್ರಿ, ಮೇಷ್ಟ್ರೆ?"

"ಅವತ್ತು ನೋಡಿದ್ದೀನಿ ಅಂತಲೇ ತಿಳಿದಿದ್ದೆ. ನಾನು ಬರ್ತೀನಿ, ನನಗೆ ನಿಜವಾಗಿ ಗೊತ್ತಿರೋಷ್ಟನ್ನ ಹೇಳ್ತೀನಿ."

"ಏನ್ ಗೊತ್ತೈತೆ?"

ನಾನು ತಗಡಿನ ಸದ್ದಿನವರೆಗೆ ಹೇಳಿದೆ. ಸದ್ದಿನ ಮಾತು ಬಂದ ಕೂಡಲೇ ಅವರ ಮುಖ ಬಿಗಿಯಿತು.

"ಬ್ಯಾಡ ಬಿಡ್ರಿ. ಸದ್ದು ಅಂದ್ರೆ ಕಲ್ಲೇ ಅಂತಾರೆ. ನೀವು ಬಂದ್ರೆ ನನ್ನ ತಮ್ಮ ಒಳಗೇ ಹೋಗ್ತಾನೆ." ಎದ್ದು ನಿಂತು, ಗೆಳೆಯನ ಕಡೆ ತಿರುಗಿ ಅಂದರು: "ನೋಡ್ರಿ ಸಾವ್ಕಾರ್ರೆ, ಅವತ್ತು ಹರಿಹರದಾಗೆ ಇಲ್ಲದೇ ಇದ್ದೋರು ಹತ್ತು ಜನ, ನಾವು ನೋಡೀವಿ ಅಂತ ಟಿ.ವಿ.ಯಾಗೆ ಕೂಗ್ತಾರೆ. ಅಲ್ಲೇ ನಿಂತೋರು ಇವರು, ನೋಡಿಲ್ಲ ಅಂತಾರೆ. ಓದಿದೋರ ನ್ಯಾಯ ಇದು."

ಗೆಳೆಯ ಅವರನ್ನು ಕೂರಿಸಲು ನೋಡಿದ. "ಕೂಡ್ರಿ, ಚಹಾ ಬರ್ತೈತೆ," ಎಂದ. ಅವರು ಕೂಡಲಿಲ್ಲ.

ಆಮೇಲೆ ಅವರು ಬೇರೆ ಅಂಗಡಿಯಿಂದ ಮಾಲು ಒಯ್ಯತೊಡಗಿದರು. ಗಲಾಟೆಯ ದಿನ ಮದುವೆಯ ಊಟಕ್ಕೆ ಆನಗೋಡಿಗೆ ಹೋಗಿದ್ದ ಒಬ್ಬರು, ತಾವು ಸ್ಥಳದಲ್ಲೇ ಇದ್ದುದಾಗಿ ವಕೀಲರಿಗೆ ಹೇಳಲು ಒಪ್ಪಿದ್ದಾರೆಂದು ಕೇಳಿದೆ. ಅದೂ ಕೇಳಿದ್ದು, ಕಂಡದ್ದಲ್ಲ. ಗೆಳೆಯ ನನ್ನ ಮೇಲೆ ಸಿಟ್ಟಾಗಲಿಲ್ಲ. ಆದರೆ ನಾನು ಹಾಳೆ ಮಡಚಿ ಹಿಡಿದರೆ ಯಾರೂ ಗುರುತಿಸಲು ಮುಂದಾಗುತ್ತಿರಲಿಲ್ಲ. ಒಬ್ಬೊಬ್ಬರೇ ಫೋನು ತೆಗೆದರು. ಒಂದು ದಿನ ನಾನು ಮನಸ್ಸಿನಲ್ಲೇ ಓದಿ, ಪತ್ರಿಕೆ ಇಟ್ಟು ಎದ್ದು ಬಂದೆ. ಯಾಕೆಂದು ಯಾರೂ ಕೇಳಲಿಲ್ಲ.

ಮಳೆಗಾಲ ಕಳೆದ ಮೇಲೆ ಮತ್ತೆ ಹರಿಹರಕ್ಕೆ ಹೋದೆ, ಈ ಸಲ ಸಹೋದ್ಯೋಗಿಗೆ ಮೊದಲೇ ಫೋನು ಮಾಡಿ. ಅವರ ಜೊತೆ ಊಟ ಮಾಡಿ ಹೊರಟು ಬಸ್ ನಿಲ್ದಾಣಕ್ಕೆ ಬಂದರೆ, ಅಲ್ಲಿ ಕೊಕ್ಕನೂರಿನವರ ಆ ತಮ್ಮ ನಿಂತಿದ್ದ. ಕೇಸು ಏನಾಯಿತೋ ಗೊತ್ತಿಲ್ಲ; ಸದ್ಯಕ್ಕೆ ಹೊರಗಿದ್ದ. ಆ ಮುಖವನ್ನು ಎಷ್ಟು ಸಲ ನೋಡಿದ್ದೆನೆಂದರೆ ನಾನು ಪರಿಚಯದವನಂತೆ ನಗಲು ಹೋದೆ. ಅವನು ನನ್ನನ್ನು ನೋಡಿ, ಗೊತ್ತಿಲ್ಲದವರನ್ನು ನೋಡಿದಂತೆಯೇ ಕಣ್ಣು ಆಚೆ ಸರಿಸಿದ. ಕಲ್ಲೋ ಟವೆಲೋ ಎಂದು ತಿಳಿದಿದ್ದವನು ಬಹುಶಃ ಅವನೊಬ್ಬನೇ. ಕೇಳಲು ನನಗೆ ಯಾವ ಅಧಿಕಾರವೂ ಇರಲಿಲ್ಲ.

ಮಲೇಬೆನ್ನೂರಿನ ಬಸ್ಸು ಬಂತು. ಅವನು ಹತ್ತಲು ತಿರುಗಿದ. ಆಗ ಆ ಬೆನ್ನು ಕಂಡಿತು: ಎಡಕ್ಕಿಂತ ಬಲ ಹೆಗಲು ಸ್ವಲ್ಪ ತಗ್ಗು, ಕತ್ತಿನ ಹತ್ತಿರ ಕಾಲರು ಒಳಕ್ಕೆ ಮಡಚಿತ್ತು. ಅದನ್ನು ನಾನು ಯಾವ ಪರದೆಯಲ್ಲೂ ನೋಡಿರಲಿಲ್ಲ. ಅವತ್ತು ನನ್ನ ಮುಂದೆ ಇದ್ದದ್ದು ಅದೇ ಬೆನ್ನು. ಎಲ್ಲರೂ ಎದ್ದಾಗ ಅದು ಒಮ್ಮೆ ಕೆಳಕ್ಕೆ ಬಾಗಿತ್ತು. ಚಪ್ಪಲಿ ಮೆಟ್ಟಿಕೊಳ್ಳಲು ಬಾಗಿತೋ, ಇನ್ನೇನಕ್ಕೋ, ಅದು ನನಗೆ ಕಂಡಿರಲಿಲ್ಲ. ಬಾಗಿದ್ದು ಮಾತ್ರ ಕಂಡಿತ್ತು.

ಮನೆಗೆ ಬಂದು ಟಿ.ವಿ. ಹಾಕಲಿಲ್ಲ. ಗೆಳೆಯನಿಗೆ ಫೋನು ಮಾಡಿದೆ.

"ಅಂಗಡಿ ಮುಚ್ಚಾಕತ್ತೀನಿ," ಎಂದ. "ಅರ್ಜೆಂಟೇನು?"

"ಇಲ್ಲ. ಒಂದು ನೆನಪಾಯ್ತು, ಹೇಳಬೇಕಿತ್ತು."

"ಎಲ್ಲಿಗೆ ಹೋಗ್ತೈತೆ ಅದು. ನಾಳೆ ಬಾ, ಹೇಳೀಯಂತೆ."

ನಾಳೆಯ ಹೊತ್ತಿಗೆ ಅದು ಏನಾಗಿರುತ್ತದೆಂದು ನನಗೆ ಗೊತ್ತಿತ್ತು. ಫೋನು ಇಟ್ಟು, ಖಾಲಿ ಕುರ್ಚಿಯ ಕಡೆ ತಿರುಗಿ, ಅಂಗಡಿಯಲ್ಲಿ ಓದುವಷ್ಟೇ ಗಟ್ಟಿಯಾಗಿ ಹೇಳಿದೆ: ಚಹಾದಂಗಡಿಯ ಪಕ್ಕ ನಿಂತಿದ್ದೆ, ಅವನ ಬೆನ್ನು ಕಂಡಿತು, ಅದು ಬಾಗಿತು, ಯಾಕೆಂದು ಕಾಣಲಿಲ್ಲ. ಯಾವ ಪೇಪರಿನದು ಎಂದು ಗುರುತಿಸುವವರು ಅಲ್ಲಿ ಯಾರೂ ಇರಲಿಲ್ಲ.